ಲಿಫ್ಟಿನವನ ಚಿಕ್ಕಮನೆ

ಗುರುವಾರ ಬೆಳಿಗ್ಗೆ ಆರು ಗಂಟೆಗೆ ನಲ್ಲಿಯಲ್ಲಿ ನೀರು ಬಂತು.

ಅವಳು ಎದ್ದು ಬಕೆಟ್ ಇಟ್ಟಳು. ಯಾರು ಇರಲಿ, ಯಾರು ಹೋಗಲಿ, ಆ ರೂಮಿನ ನಲ್ಲಿಗೆ ಆರು ಗಂಟೆ ಅಂದರೆ ಆರು ಗಂಟೆ.

ಭಾನುವಾರ ಗಂಡ ಸತ್ತಿದ್ದ. ಸೋಮವಾರ ಸಂಸ್ಕಾರ ಮುಗಿದಿತ್ತು. ಮಂಗಳವಾರ, ಬುಧವಾರ ಜನ ಬಂದು ಬಂದು ಹೋಗಿದ್ದರು. ಇವತ್ತು ಬರುವವರು ಯಾರೂ ಇರಲಿಲ್ಲ. ಎಲ್ಲರೂ ಅವರವರ ಕೆಲಸಕ್ಕೆ ಹೋಗುವ ದಿನ... ಮಾಮೂಲಿ ದಿನ.

ಅಷ್ಟಕ್ಕೇ ಅವಳಿಗೆ ಸಿಟ್ಟು ಬಂತು. ಅಳು ಬರಲಿಲ್ಲ. ನಾಲ್ಕು ದಿನದಿಂದ ಬಂದಿರಲಿಲ್ಲ. ಸಿಟ್ಟು ಮಾತ್ರ ಆ ನಲ್ಲಿಯ ನೀರಿನ ಹಾಗೆ ಹೊತ್ತಿಗೆ ಸರಿಯಾಗಿ ಬರುತ್ತಿತ್ತು.

ಎಂಟಕ್ಕೆ ಕೊರಿಯರಿನವನು ಒಂದು ಕಟ್ಟು ಕೊಟ್ಟು ಸಹಿ ಹಾಕಿಸಿಕೊಂಡು ಹೋದ. ಅಚ್ಚಿಗೆ ಹೋಗುವ ಪುಸ್ತಕಗಳ ಕರಡು ತಿದ್ದುವುದು ಅವಳ ಕೆಲಸ. ಎಂ.ಎ. ಓದಿದವಳು, ಯಾವ ಊರಿನಲ್ಲಿ ಕೂತರೂ ಮಾಡಬಹುದು ಎಂದು ಈ ಕೆಲಸ ಹಿಡಿದಿದ್ದಳು. ಗಂಡ ಲಿಫ್ಟ್ ಜೋಡಿಸುವವನು. ಒಂದು ಕಟ್ಟಡದಲ್ಲಿ ಲಿಫ್ಟ್ ಓಡುವ ಹೊತ್ತಿಗೆ ಮುಂದಿನ ಊರಿನಿಂದ ಕರೆ ಬಂದಿರುತ್ತಿತ್ತು. ಮದುವೆಯಾಗಿ ಮೂರು ವರ್ಷ, ಹನ್ನೊಂದು ಬಾಡಿಗೆ ರೂಮು. ಗಡಿಯಾರ ರಿಪೇರಿ ಅಂಗಡಿಯ ಮೇಲಿನ ಇದು ಹನ್ನೊಂದನೆಯದು.

ಕರಡು ಹರಡಿ ಕೂತಳು. ಮೇಜು ಕುಂಟಿತು.

ಕಾಲಿನ ಕೆಳಗೆ ಅವಳು ಮಡಚಿ ಇಟ್ಟಿದ್ದ ಕಾಗದ, ಅವನನ್ನು ಮಲಗಿಸಲು ಜಾಗ ಬೇಕೆಂದು ಮೇಜು ಸರಿಸಿದ ದಿನ ಎಲ್ಲೋ ಹೋಗಿತ್ತು. ಹುಡುಕಲು ಬಗ್ಗಿದಳು. ಆಗ ಯಾರೋ ಬಾಗಿಲು ಬಡಿದರು.

ಹೊರಗೆ ನಿಂತಿದ್ದವಳು ಅವಳದೇ ವಯಸ್ಸಿನ ಹೆಂಗಸು. ಗಂಡಸರ ಅಂಗಿ, ಕಿವಿಯ ಮೇಲೆ ಪೆನ್ಸಿಲ್, ಕೂದಲಲ್ಲಿ ಮರದ ಹೊಟ್ಟು.

"ಅವರು ಇದ್ದಾರಾ ಅಕ್ಕಾ?"

"ಯಾವ ಅವರು?"

"ಅವರೇ... ಲಿಫ್ಟಿನವರು."

"ಅವರಿಲ್ಲ."

ಒಂದೇ ಮಾತು. ಸೋಮವಾರದಿಂದ ಈ ಒಂದು ಮಾತೇ ಎಲ್ಲರಿಗೂ ಸಾಕಾಗಿತ್ತು. ಈ ಹೆಂಗಸಿಗೆ ಸಾಕಾಗಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ಆಕ್ಷೇಪಣೆ ಶುರು ಮಾಡಿದಳು. ಭಾನುವಾರ ಹೋದವರು ಹೋದವರೇ, ನಾಲ್ಕು ದಿನ ಆಯಿತು ಆ ಕಡೆ ತಲೆ ಹಾಕಿಲ್ಲ, ತನ್ನ ರಸಮಟ್ಟ ಬೇರೆ ಅವರ ಹತ್ತಿರವೇ ಇದೆ, ಅದಿಲ್ಲದೆ ತನ್ನ ಕೈ ಕಟ್ಟಿ ಹಾಕಿದ ಹಾಗಾಗಿದೆ.

"ಚಿಕ್ಕಮನೆಗೆ ಬೇಕು ಅಂತ ಇಸ್ಕೊಂಡು ಹೋದ್ರು ಅಕ್ಕಾ. ಒಂದೇ ದಿನಕ್ಕೆ ಅಂದ್ರು."

"ಯಾವುದಕ್ಕೆ?"

"ಚಿಕ್ಕಮನೆಗೆ." ಆ ಹೆಂಗಸು ಫಕ್ಕನೆ ನಾಲಿಗೆ ಕಚ್ಚಿಕೊಂಡಳು. "ಅಯ್ಯೋ, ನಿಮಗೆ ಹೇಳಬಾರದು ಅಂದಿದ್ರು. ನನ್ನ ಬಾಯಿಗೆ ಬೀಗ ಇಲ್ಲ. ಬಿಡಿ ಅಕ್ಕಾ, ನಾನು ಹೇಳ್ದೆ ಅನ್ನಬೇಡಿ. ಬಂದ ಮೇಲೆ ಮರದ ಡಿಪೋ ಕಡೆ ಬಂದು ಹೋಗೋಕೆ ಹೇಳಿ. ಅವರಿಲ್ಲದೆ ಅಲ್ಲಿ ಏನೂ ಆಗ್ತಿಲ್ಲ."

ಇಷ್ಟು ಹೇಳಿ ದಡದಡ ಮೆಟ್ಟಿಲಿಳಿದು ಹೋದಳು.

ಅವಳು ಬಾಗಿಲು ಹಿಡಿದುಕೊಂಡೇ ನಿಂತಳು.

ಚಿಕ್ಕಮನೆ ಅಂದರೆ ಏನೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಕಟ್ಟಿಕೊಂಡವಳದು ದೊಡ್ಡಮನೆ. ಇಟ್ಟುಕೊಂಡವಳದು ಚಿಕ್ಕಮನೆ. ಮೊದಲನೆಯವಳನ್ನು ಎರಡನೆಯವಳು ಕರೆಯುವುದು ಹೇಗೆ? ಅಕ್ಕಾ ಅಂತಲೇ ಅಲ್ಲವೇ? ಬಂದವಳು ಮೂರು ಸಲ ಅಕ್ಕಾ ಅಂದಿದ್ದಳು. ತಿದ್ದುವವಳ ಕಿವಿ, ಎಣಿಸಿತ್ತು.

ದೊಡ್ಡಮನೆಯೇ ಇಲ್ಲದವಳಿಗೆ ಚಿಕ್ಕಮನೆ ಬೇರೆ ಕೇಡು!

*

ಒಳಗೆ ಅತ್ತಿಗೆ ಬಟ್ಟೆ ಮಡಚುತ್ತಿದ್ದಳು. ಗಂಡನ ಅಕ್ಕ. ಬರುವ ಭಾನುವಾರ ಇವಳನ್ನು ತನ್ನ ಮನೆಗೆ ಕರೆದುಕೊಂಡು ಹೋಗಲೆಂದೇ ಉಳಿದಿದ್ದಳು. ಸೋಮವಾರದಿಂದ ಈ ರೂಮಿಗೆ ಬೇರೆಯವರು ಬರುತ್ತಾರೆಂದು ಯಜಮಾನಿ ಆಗಲೇ ಎರಡು ಸಲ ನೆನಪಿಸಿದ್ದಳು, ಎರಡು ಸಲವೂ ಕಣ್ಣೊರೆಸಿಕೊಂಡೇ.

"ಅತ್ತಿಗೆ, ಅವರು ಯಾವ ಬಸ್ಸಲ್ಲಿ ಇದ್ರು?"

ಅತ್ತಿಗೆಯ ಕೈ ನಿಂತಿತು.

ಈ ನಾಲ್ಕು ದಿನ ಅವಳು ಏನನ್ನೂ ಕೇಳಿರಲಿಲ್ಲ. ಬಸ್ಸಿನಲ್ಲಿ ಕೂತಲ್ಲೇ ಎದೆ ನಿಂತಿತು, ಬಸ್ ನಿಲ್ದಾಣದಲ್ಲಿ ಎಲ್ಲರೂ ಇಳಿದರು, ಅವನು ಇಳಿಯಲಿಲ್ಲ, ಕಂಡಕ್ಟರ್ ಭುಜ ಮುಟ್ಟಿ ಎಬ್ಬಿಸಲು ಹೋದ ಎಂದಷ್ಟೇ ಗೊತ್ತಿತ್ತು. ಅವನು ಲಿಫ್ಟ್ ಜೋಡಿಸುತ್ತಿದ್ದ ಹೊಸ ಆಸ್ಪತ್ರೆ ಊರಿನ ಈ ತುದಿಗಿದೆ, ನಡೆದು ಹೋಗುವಷ್ಟು ಹತ್ತಿರ. ಅಲ್ಲಿಂದ ಬರಲು ಬಸ್ಸು ಯಾಕೆ?

ಅತ್ತಿಗೆ ಸುತ್ತಿ ಬಳಸಿ ಹೇಳಿದಳು. ಮರದ ಡಿಪೋ ಕಡೆಯ ಬಸ್ಸಂತೆ. ಊರಿನ ಆ ತುದಿ. ಕೊನೆಯ ಸ್ಟಾಪಿನಲ್ಲಿ ಹತ್ತಿದನಂತೆ. ಯಾವುದೋ ಹೆಂಗಸು ಬಸ್ಸಿನವರೆಗೆ ಓಡೋಡಿ ಬಂದು ಕಿಟಕಿಯಲ್ಲಿ ಮಾತಾಡಿಸಿ ಹೋದಳೆಂದು ಕಂಡಕ್ಟರ್ ಹೇಳಿದನಂತೆ.

"ನಿಮಗೆ ಗೊತ್ತಿತ್ತು."

"ಬೇಡ ಕಣೇ. ಹೋದವನ ಜೊತೆ ಅದೂ ಹೋಗಲಿ ಬಿಡು."

"ಹೋಗಿದ್ದು ಅವರು. ನಾನು ಇಲ್ಲೇ ಇದ್ದೀನಲ್ಲ."

ಅತ್ತಿಗೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ತಮ್ಮನನ್ನು ಬಿಟ್ಟುಕೊಡಲೂ ಆಗದು, ಇವಳ ಮುಖ ನೋಡಲೂ ಆಗದು.

ಅವನನ್ನು ಒಯ್ದಿದ್ದ ಆಸ್ಪತ್ರೆಯವರು ಕೊಟ್ಟಿದ್ದ ಚೀಲ ಮಂಚದ ಕೆಳಗಿತ್ತು. ಬಿಚ್ಚಿರಲಿಲ್ಲ. ಈಗ ಎಳೆದು ಬಿಚ್ಚಿದಳು. ಚಪ್ಪಲಿ, ವಾಚು, ಟವೆಲಿನಲ್ಲಿ ಸುತ್ತಿದ ಉದ್ದನೆಯ ಒಂದು ಪಟ್ಟಿ. ಮೊಳದುದ್ದದ ಮರ, ನಡುವೆ ಗಾಜಿನ ನಳಿಗೆ, ಅದರೊಳಗೆ ಹಸಿರು ನೀರು, ನೀರಿನಲ್ಲಿ ಒಂದು ಗುಳ್ಳೆ. ಬಡಗಿಗಳು ಮಟ್ಟ ನೋಡುವ ಸಾಮಾನು, ರಸಮಟ್ಟ. ಅದನ್ನು ನೆಲದ ಮೇಲಿಟ್ಟಳು. ಗುಳ್ಳೆ ಸರ್ರನೆ ಗೋಡೆಯ ಕಡೆಗೆ ಓಡಿ ನಿಂತಿತು.

ಹಾಗಾದರೆ ಬಂದವಳು ಹೇಳಿದ್ದು ನಿಜ. ಚಿಕ್ಕಮನೆಗೆ ಗೋಡೆ ಏಳುತ್ತಿದೆ. ನೆಟ್ಟಗೆ, ಮಟ್ಟಸವಾಗಿ. ತನಗೆ ಮೂರು ವರ್ಷದಲ್ಲಿ ಒಂದು ಮೊಳೆ ಹೊಡೆಯುವ ಗೋಡೆ ಸಿಕ್ಕಿರಲಿಲ್ಲ.

*

ಹನ್ನೊಂದು ರೂಮುಗಳಲ್ಲೂ ಒಂದೇ ಕಟ್ಟಳೆ ಇತ್ತು: ಗೋಡೆಗೆ ಮೊಳೆ ಹೊಡೆಯುವಂತಿಲ್ಲ.

ಅದಕ್ಕೇ ಅವಳು ತನ್ನದೇ ದಾರಿ ಕಂಡುಕೊಂಡಿದ್ದಳು. ಮೊದಲು ನೀಲಿ ದುಪ್ಪಟಿಯನ್ನು ಕಿಟಕಿಯ ಸರಳಿಗೆ ಗಂಟು ಹಾಕುವುದು. ಆಮೇಲೆ ಮೇಜಿನ ಮೇಲೆ ಎರಡು ಲೋಟ, ಒಡೆದ ಹಿಡಿಯ ಕಪ್ಪಿನಲ್ಲಿ ಕೆಂಪು ಪೆನ್ಸಿಲುಗಳು. ಕೊನೆಗೆ ಮೇಜಿನ ಕುಂಟು ಕಾಲಿಗೆ ಮಡಚಿದ ಕಾಗದ. ಕಾಲು ಗಂಟೆಯ ಕೆಲಸ. ಅಷ್ಟು ಹೊತ್ತೂ ಅವನು ಪೆಟ್ಟಿಗೆ ಹಿಡಿದು ಹೊಸಿಲಿನ ಆಚೆಗೇ ನಿಂತಿರುತ್ತಿದ್ದ. ಬಸ್ಸಿನಲ್ಲಿ ನಿದ್ದೆಯಿಂದ ಎದ್ದವನ ಹಾಗೆ ಕೇಳುತ್ತಿದ್ದ:

"ಮನೆ ಬಂತಾ?"

"ಬಂತು. ಇಳೀರಿ."

ಆಮೇಲೇ ಅವನು ಒಳಗೆ ಕಾಲಿಡುತ್ತಿದ್ದುದು. ಹತ್ತು ರೂಮಿನಲ್ಲೂ ಹಾಗೇ.

ಅವನ ಇನ್ನೊಂದು ಚಾಳಿ ಚೀಟಿ ಬರೆದಿಟ್ಟು ಹೋಗುವುದು. 'ಸಂಜೆತಡವಾಗುತ್ತೆ.' 'ಹಾಲುತಂದಿದೆ.' ಎರಡು ಪದದ ನಡುವೆ ಜಾಗ ಬಿಡುವುದು ಅವನ ಜಾತಕದಲ್ಲೇ ಇರಲಿಲ್ಲ. ಅವಳು ಪ್ರತಿ ಚೀಟಿಗೂ ಕೆಂಪು ಗೀಟು ಎಳೆದು ವಾಪಸು ಕೊಡುತ್ತಿದ್ದಳು. ಜಾಗ ಬಿಡ್ರೀ, ಜಾಗ ಬಿಡಿ ಎಂದು ಬೈಯುತ್ತಿದ್ದಳು. "ನಮಗೆಲ್ಲಿದೆ ಜಾಗ?" ಎಂದು ಅವನು ರೂಮನ್ನು ತೋರಿಸಿ ನಗುತ್ತಿದ್ದ. ಅವಳಿಗೆ 'ತಿದ್ದುಪಡಿ' ಎಂದು ಹೆಸರಿಟ್ಟವನು ಅವನೇ. ತಿದ್ದುಪಡಿ ಮೇಡಂ, ಊಟಕ್ಕೆ ಬರ್ತೀರಾ?

ಒಂಬತ್ತನೇ ರೂಮಿನಲ್ಲಿ ಮೇಜು ವಾಲಿ, ಲೋಟದ ಕಾಫಿಯೆಲ್ಲ ಇನ್ನೂರು ಪುಟದ ಕರಡಿನ ಮೇಲೆ ಚೆಲ್ಲಿತ್ತು. ಅವತ್ತು ಅವಳ ತಾಳ್ಮೆ ಕೆಟ್ಟಿತು. ನನಗೆ ಮನೆ ಬೇಡ, ಗೋಡೆ ಬೇಡ, ನೆಟ್ಟಗೆ ನಿಲ್ಲೋ ಒಂದು ಮೇಜು ಕೊಡಿಸಿ ಸಾಕು ಎಂದಳು. ಅವನು "ನೋಡೋಣ" ಎಂದ. ನೋಡೋಣ ಅನ್ನುವುದು ಬೇಡ ಅನ್ನುವುದಕ್ಕಿಂತ ಕೆಟ್ಟ ಮಾತು ಎಂದು ಎರಡು ದಿನ ಮಾತು ಬಿಟ್ಟಿದ್ದಳು.

ಈ ಹನ್ನೊಂದನೇ ರೂಮಿಗೆ ಬಂದ ದಿನ ಅವಳಿಗೆ ದುಪ್ಪಟಿ ಕಟ್ಟಲೂ ಮನಸ್ಸಾಗಲಿಲ್ಲ. ಪೆಟ್ಟಿಗೆಯ ಮೇಲೆ ಸುಮ್ಮನೆ ಕೂತಿದ್ದಳು. ಹೊಸಿಲಿನ ಆಚೆಯಿಂದ ಅವನು ಕೇಳಿದ.

"ಮನೆ ಬಂತಾ?"

"ಇನ್ನೂ ಬಂದಿಲ್ಲ. ಕೂತ್ಕೊಂಡೇ ಇರಿ."

ಅವನು ನಗಲಿಲ್ಲ. ಆಮೇಲೆ ಎಂದೂ ಹಾಗೆ ಕೇಳಲೂ ಇಲ್ಲ. ಅದಾದ ವಾರದಿಂದ ಭಾನುವಾರ ಓವರ್‌ಟೈಮ್ ಶುರುವಾಯಿತು. ಮತ್ತೆ ಸಂಜೆಗಳೂ ಹೋದವು. ಒಂದು ಬೆಳಿಗ್ಗೆ ಎಚ್ಚರವಾದಾಗ ಅವಳ ಮೊಣಕೈಯ ಹತ್ತಿರ ಅವನು ನೂಲು ಹಿಡಿದು ಕೂತಿದ್ದ. ಮಾಟ ಮಾಡಿಸ್ತಿದ್ದೀರಾ ಎಂದು ಕೇಳಿದ್ದಳು. ಸೀರೆಯ ಎಳೆ ಬಿಚ್ಚಿಕೊಂಡಿತ್ತು ಕಣೇ ಎಂದು ತಡವರಿಸಿದ್ದ. ಸುಳ್ಳು ಹೇಳಲು ಅವನಿಗೆ ಬರುತ್ತಿರಲಿಲ್ಲ...

ಬರುತ್ತಿರಲಿಲ್ಲ ಎಂದುಕೊಂಡಿದ್ದಳು. ಎಂಥ ದಡ್ಡಿ!

ಭಾನುವಾರ ಅತ್ತಿಗೆಯ ಮನೆಗೆ ಹೋಗಬೇಕು. ಅಲ್ಲಿ ಗೋಡೆಗೆ ಅವನ ಫೋಟೊ ಹಾಕಿ, ಬಂದವರ ಮುಂದೆಲ್ಲ ಅವನ ಹೆಂಡತಿಯಾಗಿ ಕೂರಬೇಕು. ಹಾಗೆ ಕೂರುವ ಮೊದಲು ಆ ಮೂರು ವರ್ಷ ನಿಜವೋ ಸುಳ್ಳೋ ಗೊತ್ತಾಗಬೇಕು. ಸುಳ್ಳಾದರೆ ಫೋಟೊ ಅತ್ತಿಗೆಯೇ ಇಟ್ಟುಕೊಳ್ಳಲಿ.

ರಸಮಟ್ಟವನ್ನು ಟವೆಲಿನಲ್ಲಿ ಸುತ್ತಿಕೊಂಡು ಚಪ್ಪಲಿ ಮೆಟ್ಟಿದಳು. ತಾನೂ ಬರುತ್ತೇನೆ ಎಂದ ಅತ್ತಿಗೆಗೆ ಬೇಡ ಎಂದಳು.

*

ಕೊನೆಯ ಸ್ಟಾಪಿನಲ್ಲಿ ಇಳಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಸಾಲಾಗಿ ಮರ ಕೊಯ್ಯುವ ಶೆಡ್ಡುಗಳು. ಮೂರನೆಯದರಲ್ಲಿ ಬೆಳಗಿನ ಹೆಂಗಸು ಉದ್ದನೆಯ ಬೆಂಚಿನ ಮೇಲೆ ಹಲಗೆಗೆ ಹತ್ತರಿ ಹಿಡಿಯುತ್ತಿದ್ದಳು. ಸುರುಳಿ ಸುರುಳಿಯಾಗಿ ಹೊಟ್ಟು ಉದುರುತ್ತಿತ್ತು.

"ಬಂದ್ರಾ ಅಕ್ಕಾ! ಅವರನ್ನ ಕಳಿಸೋದು ಬಿಟ್ಟು ನೀವ್ಯಾಕೆ ಬರೋಕೆ ಹೋದ್ರಿ?"

"ನನ್ನನ್ನ ಅಕ್ಕ ಅನ್ನಬೇಡ."

ಬಡಗಿ ಬೆಪ್ಪಾಗಿ ನೋಡಿದಳು.

"ಎಷ್ಟು ದಿನದಿಂದ ನಡೀತಿದೆ ಇದು?"

"ಎರಡು ತಿಂಗಳಾಯ್ತು. ಮೊದಮೊದಲು ಭಾನುವಾರ ಮಾತ್ರ ಬರ್ತಿದ್ರು. ಆಮೇಲೆ ಸಂಜೆನೂ ಬರೋಕೆ ಶುರು ಮಾಡಿದ್ರು."

"ನಾಚಿಕೆ ಆಗಲ್ವಾ?"

"ಯಾಕೆ ನಾಚಿಕೆ? ಕೆಲಸಕ್ಕೆ ಯಾವ ನಾಚಿಕೆ?" ಈಗ ಬಡಗಿಗೂ ಸಿಟ್ಟು ಏರಿತು. ಅಪ್ಪನ ಕಾಲದ ಶೆಡ್ಡು ಇದು, ಹೆಂಗಸು ಉಳಿ ಹಿಡಿದರೆ ನಾಚಿಕೆ ಅನ್ನುವವರನ್ನು ತಾನು ಬೇಕಾದಷ್ಟು ನೋಡಿದ್ದೇನೆ, ಓದಿದವರೂ ಹಾಗೇ ಅಂದರೆ ಏನು ಹೇಳುವುದು ಎಂದು ಒಂದೇ ಉಸಿರಿಗೆ ಆಡಿದಳು. "ಕಳಿಸಿ ಅವರನ್ನ. ಹೆಂಡತೀನ ಜಗಳಕ್ಕೆ ಕಳಿಸಿ ಆರಾಮಾಗಿ ಮನೇಲಿ ಕೂತಿದ್ದಾರಾ? ನಾನು ಅವರ ಹತ್ರಾನೇ ಮಾತಾಡ್ತೀನಿ."

"ಅವರಿಲ್ಲ ಅಂತ ಬೆಳಿಗ್ಗೆನೇ ಹೇಳಿದ್ನಲ್ಲ."

"ಇಲ್ಲ ಅಂದ್ರೆ? ಯಾವ ಊರಿಗೆ ಹೋದ್ರು?"

"ಸತ್ತರು."

ಆ ಪದವನ್ನು ಅವಳು ಮೊದಲ ಸಲ ಬಾಯಿಬಿಟ್ಟು ಹೇಳಿದ್ದು. ಹೋದರು, ಇಲ್ಲ, ಬಿಟ್ಟು ಹೋದರು, ನಾಲ್ಕು ದಿನ ಎಲ್ಲರೂ ಬೇರೆ ಬೇರೆ ಪದ ಆಡಿದ್ದರು. ಸರಿಯಾದ ಪದ ಇದೊಂದೇ ಆಗಿತ್ತು.

"ಭಾನುವಾರ. ನೀನು ಹತ್ತಿಸಿದ ಬಸ್ಸಲ್ಲೇ."

ಬಡಗಿಯ ಕೈಯಿಂದ ಹತ್ತರಿ ಜಾರಿ ಬೆಂಚಿನ ಮೇಲೆ ಮಗುಚಿತು. ಅವಳು ಅಳುತ್ತಾ ಅಲ್ಲೇ ಹೊಟ್ಟಿನ ರಾಶಿಯ ಮೇಲೆ ಕೂತುಬಿಟ್ಟಳು.

"ಬೆವರ್ತಿದ್ರು," ಎಂದಳು. "ಮಟ್ಟ ಮರೆತು ಹೋಗಿದ್ರು. ಬಸ್ಸಿನ ತನಕ ಓಡಿ ಹೋಗಿ ಕಿಟಕೀಲಿ ಕೊಟ್ಟೆ. ಯಾಕಿಷ್ಟು ಬೆವರ್ತಿದ್ದೀರಿ ಅಂದೆ. ಬಿಸಿಲು ಅಂದ್ರು... ನಾನೂ ಬಿಸಿಲೇ ಅಂದ್ಕೊಂಡೆ."

ಅವಳಿಗೆ ಆ ಹೆಂಗಸಿನ ಅಳು ನೋಡಿ ಇನ್ನಷ್ಟು ಸಿಟ್ಟು ಬಂತು. ತನಗೆ ಬಾರದ ಅಳು ಇವಳಿಗೆ ಹೇಗೆ ಬಂತು? ಯಾವ ಹಕ್ಕಿನಿಂದ?

"ಚಿಕ್ಕಮನೆ ಎಲ್ಲಿದೆ ತೋರಿಸು. ನೋಡಿಕೊಂಡು ಹೋಗ್ತೀನಿ."

ಬಡಗಿ ಕಣ್ಣೊರೆಸಿಕೊಂಡು ಎದ್ದಳು. ಶೆಡ್ಡಿನ ಮೂಲೆಗೆ ಹೋಗಿ ಹಳೆಯ ಗೋಣಿ ಎಳೆದಳು.

ಕೆಳಗೆ ಒಂದು ಪೆಟ್ಟಿಗೆ ಇತ್ತು.

ಮನೆಯಲ್ಲ. ಹೆಂಗಸಲ್ಲ. ಎರಡು ಕಡೆ ಹಿಡಿಯಿದ್ದ, ಇಬ್ಬರು ಹಿಡಿದರೆ ಎತ್ತಬಹುದಾದ ಮರದ ಪೆಟ್ಟಿಗೆ.

"ಇದೇ?"

"ಇದೇ. ಅವರೇ ಇಟ್ಟ ಹೆಸರು. ಊರೂರು ಸುತ್ತೋರಿಗೆ ದೊಡ್ಡಮನೆ ಎಲ್ಲಿಂದ ಬರಬೇಕು, ನಮ್ಮದು ಚಿಕ್ಕಮನೆ ಅಂತಿದ್ರು. ಆ ಮಾತಿಗೆ ನಾವಿಬ್ಬರೂ ನಗ್ತಿದ್ವಿ..." ಬಡಗಿ ತಟ್ಟನೆ ಇವಳ ಮುಖ ನೋಡಿದಳು. ಬೆಳಗಿನಿಂದ ಏನಾಯಿತೆಂದು ಈಗ ಹೊಳೆಯಿತು. "ಅಯ್ಯೋ ಅಕ್ಕಾ. ನೀವು... ನನ್ನನ್ನಾ?"

ಅವಳು ಪೆಟ್ಟಿಗೆಯ ಕಡೆ ತಿರುಗಿದಳು. ಕಿವಿ ಬಿಸಿಯಾಗಿತ್ತು.

ಬಡಗಿ ಚಿಲಕ ತೆಗೆದಳು. ಪೆಟ್ಟಿಗೆಯ ಮುಂಭಾಗ ಮಡಚಿಕೊಂಡು ಕೆಳಗಿಳಿದು ಮೇಜಾಯಿತು. ಒಳಗೆ ಕರಡು ಕಟ್ಟುಗಳ ಅಳತೆಯ ಗೂಡು, ಪೆನ್ಸಿಲಿಗೆ ತೋಡಿದ ಕಾಲುವೆ, ಎರಡು ಲೋಟ ಕೂರುವ ಎರಡು ಕುಳಿ. ಮುಚ್ಚಳದ ಒಳಗೆ ಕನ್ನಡಿ. ಪಕ್ಕದಿಂದ ಎಳೆದರೆ ಒಂದು ಸರಳು ಕೋಲಿನ ಹಾಗೆ ಮೇಲಕ್ಕೆ ಬರುತ್ತಿತ್ತು. ದುಪ್ಪಟಿ ಕಟ್ಟೋಕಂತೆ, ಗೋಡೆಗೆ ಮೊಳೆ ಹೊಡೆಯೋ ಹಾಗಿಲ್ಲವಂತೆ ಎಂದು ಬಡಗಿ ವಿವರಿಸಿದಳು. ಗರಗಸದ ಮೋಟಾರು ಕೆಟ್ಟಿತ್ತು, ಅದನ್ನು ಸರಿ ಮಾಡಿಕೊಟ್ಟು, ಅದಕ್ಕೆ ಬದಲಾಗಿ ಇಲ್ಲಿ ಕೂತು ಕೆಲಸ ಕಲಿತನಂತೆ. ಮೊದಲ ಮೂರು ಗೂಡು ಅವನೇ ಕೆಡಿಸಿದನಂತೆ.

"ಅಳತೆ ಕೊಡಿ ಅಂದ್ರೆ ಇದನ್ನ ತಂದುಕೊಟ್ರು."

ಶೆಡ್ಡಿನ ಗೋಡೆಯ ಮೊಳೆಯಲ್ಲಿ ಒಂದು ನೂಲು ತೂಗುತ್ತಿತ್ತು. ಅದರಲ್ಲಿ ಮೂರು ಗಂಟು.

"ಮೊದಲನೇದು ನೀವು ಕೂತಾಗ ಮೊಣಕೈ ಎಲ್ಲಿಗೆ ಬರುತ್ತೋ ಅದು. ಮೇಜು ಅಲ್ಲಿಗೇ ಇರಬೇಕಂತೆ. ಎರಡನೇದು ಮಂಡಿ. ಮೂರನೇದು ಕಣ್ಣು, ಕನ್ನಡಿಗೆ. ಅಕ್ಕನನ್ನೇ ಕೇಳಬಾರದಾ ಅಂದೆ. ಬೇಡಪ್ಪಾ, ಕೇಳಿದ್ರೆ ಎಲ್ಲಕ್ಕೂ ತಿದ್ದುಪಡಿ ಹಾಕ್ತಾಳೆ ಅಂದ್ರು."

ಅವಳು ನೂಲನ್ನು ಕೈಗೆ ತೆಗೆದುಕೊಂಡಳು. ತನ್ನ ಮೊಣಕೈ. ತನ್ನ ಕಣ್ಣು.

ಪೆಟ್ಟಿಗೆಯ ಅಡಿಯಲ್ಲಿ ಲಿಫ್ಟಿನ ಹಳೆಯ ಬೋಲ್ಟುಗಳಿಂದ ಮಾಡಿದ ಕಾಲುಗಳಿದ್ದವು. ತಿರುಗಿಸಿದರೆ ಉದ್ದವಾಗುವಂಥವು, ಗಿಡ್ಡವಾಗುವಂಥವು. ಎಂಥ ಸೊಟ್ಟ ನೆಲದ ಮೇಲೂ ನೆಟ್ಟಗೆ ನಿಲ್ಲುತ್ತದಂತೆ. ಮೂರು ಕೂತಿದ್ದವು. ಹನ್ನೊಂದು ರೂಮಿನಲ್ಲಿ ಈಗಿನ ರೂಮಿನ ನೆಲವೇ ಎಲ್ಲಕ್ಕಿಂತ ಸೊಟ್ಟ, ಎಷ್ಟು ಸೊಟ್ಟವೆಂದು ನೋಡಿ ಬಂದು ನಾಲ್ಕನೆಯ ಕಾಲಿಗೆ ಉದ್ದ ಕೊಡುತ್ತೇನೆ ಎಂದು ಭಾನುವಾರ ರಸಮಟ್ಟ ಇಸ್ಕೊಂಡಿದ್ದ.

ಮುಚ್ಚಳದ ಅಂಚಿನಲ್ಲಿ ಅವನ ಕೈಬರಹ, ಬಡಗಿಯ ದಪ್ಪ ಪೆನ್ಸಿಲಿನಲ್ಲಿ:

'ಚಿಕ್ಕಮನೆ. ಬಂತುಇಳಿ.'

ಪದಗಳು ಒಂದಕ್ಕೊಂದು ಅಂಟಿಕೊಂಡೇ.

"ಹೇಳಬಾರದಿತ್ತಾ?" ಎಂದಳು. ಬಡಗಿಗಲ್ಲ. "ಒಂದು ಮಾತು ಹೇಳಬಾರದಿತ್ತಾ? ನೋಡೋಣ ಅಂತೆ ನೋಡೋಣ! ಮೂರು ವರ್ಷ ಜಾಗ ಬಿಡಿ, ಜಾಗ ಬಿಡಿ ಅಂತ ಬಡ್ಕೊಂಡೆ... ಅಕ್ಷರಕ್ಕೆ ಹೇಳಿದ್ದು ರೀ ನಾನು. ಅಕ್ಷರಕ್ಕೆ."

ಆಮೇಲೆ ಅವಳಿಗೆ ಅಳು ಬಂತು. ನಾಲ್ಕು ದಿನದ್ದೆಲ್ಲ ಒಟ್ಟಿಗೆ. ಬಡಗಿ ಮುಟ್ಟಲಿಲ್ಲ, ಸಮಾಧಾನ ಹೇಳಲಿಲ್ಲ. ಕುಡಿಯಲು ನೀರು ತಂದು ಆ ಕುಳಿಗಳಲ್ಲಿ ಒಂದರಲ್ಲಿ ಲೋಟ ಇಟ್ಟಳು. ಲೋಟ ಸರಿಯಾಗಿ ಕೂತಿತು.

*

ನಾಲ್ಕನೆಯ ಕಾಲನ್ನು ಶುಕ್ರವಾರ ಇಬ್ಬರೂ ಸೇರಿ ಕೂರಿಸಿದರು.

ಅತ್ತಿಗೆಗೆ ಎಲ್ಲ ಹೇಳಿದಾಗ ಮೊದಲು ಕಂಡಕ್ಟರನ ಬಾಯಿಗೆ ಮಣ್ಣು ಹಾಕಿದಳು, ಆಮೇಲೆ ತನ್ನ ಬಾಯಿಗೇ ಹಾಕಿಕೊಂಡಳು. ತಮ್ಮನ ಬಗ್ಗೆ ಹಾಗೆ ಯೋಚಿಸಿದೆನಲ್ಲ ಎಂದು ತಲೆ ಚಚ್ಚಿಕೊಂಡಳು. ತಲೆ ಚಚ್ಚಿಕೊಳ್ಳುವುದು ಮುಗಿದ ಮೇಲೆ, ಪೆಟ್ಟಿಗೆಯನ್ನು ತನ್ನ ಮನೆಯ ಹಜಾರದಲ್ಲಿ ಇಡೋಣ, ಜಾಗ ಇದೆ ಎಂದಳು.

ಅವಳು ಒಪ್ಪಲಿಲ್ಲ. ಎರಡು ಬೀದಿ ಆಚೆ ಒಂದು ಚಿಕ್ಕ ರೂಮು ನೋಡಿ ಬಂದಿದ್ದಳು. ಈ ಕರಡು ಮುಗಿಯುವವರೆಗೆ ಅಲ್ಲಿ. ಆಮೇಲೆ ಎಲ್ಲಿಗೋ. ಕೊರಿಯರ್ ಎಲ್ಲ ಕಡೆಗೂ ಬರುತ್ತದೆ.

"ಒಂಟಿ ಹೆಂಗಸು ರೂಮು ಮಾಡ್ಕೊಂಡಿರೋದಾ? ಜನ ಏನಂತಾರೆ?"

"ಏನಾದ್ರೂ ಅನ್ನಲಿ ಅತ್ತಿಗೆ. ಚಿಕ್ಕಮನೆ ಅನ್ನಲಿ. ಇದೆಯಲ್ಲ."

ಅತ್ತಿಗೆ ನಗಬೇಕೋ ಅಳಬೇಕೋ ತಿಳಿಯದೆ ಬೈದಳು. ನಾನೇನು ಸತ್ತಿದ್ದೀನಾ, ತಿಂಗಳಿಗೊಂದು ಸಲವಾದರೂ ಬಂದು ಹೋಗದಿದ್ದರೆ ನೋಡು ಎಂದಳು. ಬೈಯುತ್ತಲೇ ಭಾನುವಾರ ಪೆಟ್ಟಿಗೆಯ ಒಂದು ಹಿಡಿ ಹಿಡಿದು ಹನ್ನೆರಡನೇ ರೂಮಿನ ಮೆಟ್ಟಿಲು ಹತ್ತಿದಳು. ಗೋಡೆಗೆ ಮೊಳೆ ಹೊಡೆಯಬಾರದು ಎಂದ ಹೊಸ ಯಜಮಾನನಿಗೆ, ನಿಮ್ಮ ಗೋಡೆ ನೀವೇ ಇಟ್ಟುಕೊಳ್ಳಿ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದವಳೂ ಅತ್ತಿಗೆಯೇ. ಆಮೇಲೆ ಸಂಜೆಯ ಬಸ್ಸಿಗೆ ಊರಿಗೆ ಹೋದಳು.

ಸೋಮವಾರ ಬೆಳಿಗ್ಗೆ ಅವಳು ಒಬ್ಬಳೇ ಪೆಟ್ಟಿಗೆ ಬಿಚ್ಚಿದಳು.

ಈ ನೆಲವೂ ಸೊಟ್ಟವೇ. ಮೊದಲು ರಸಮಟ್ಟ ಇಟ್ಟು ನೋಡಿದಳು. ಆಮೇಲೆ ಅದನ್ನು ಟವೆಲಿನಲ್ಲಿ ಸುತ್ತಿ ಪಕ್ಕಕ್ಕಿಟ್ಟು, ಮೇಜಿನ ಮೇಲೆ ಅಗಲ ಬಾಯಿಯ ಲೋಟವೊಂದರಲ್ಲಿ ಅಂಚಿನವರೆಗೆ ನೀರು ತುಂಬಿದಳು. ನೀರು ಒಂದು ಕಡೆ ಏರಿತ್ತು. ಕಾಲು ತಿರುಗಿಸಿದಳು. ಮತ್ತೆ ನೋಡಿದಳು. ಇನ್ನೊಂದು ಕಾಲು. ಕಾಲು ಗಂಟೆಯ ಕೆಲಸ. ಕೊನೆಗೆ ನೀರು ಅಂಚಿನ ಸುತ್ತಲೂ ಒಂದೇ ಸಮ ನಿಂತಿತು.

ಸರಳು ಎಳೆದು ನೀಲಿ ದುಪ್ಪಟಿ ಕಟ್ಟಿದಳು. ಎರಡು ಲೋಟಗಳನ್ನೂ ಅವುಗಳ ಕುಳಿಯಲ್ಲಿ ಇಟ್ಟಳು. ಎರಡನೆಯದನ್ನು ಇಡಬಾರದೆಂದು ಯಾರೂ ಹೇಳಿರಲಿಲ್ಲ.

ಕೆಂಪು ಪೆನ್ಸಿಲ್ ತೆಗೆದುಕೊಂಡು ಮುಚ್ಚಳದ ಅಂಚಿಗೆ ಬಗ್ಗಿದಳು. ಸತ್ತವರ ಬರಹವೆಂದು ತಪ್ಪು ಬಿಡುವವಳಲ್ಲ ಅವಳು. 'ಚಿಕ್ಕ' ಮತ್ತು 'ಮನೆ'ಯ ನಡುವೆ ಒಂದು ಗೀಟು. 'ಬಂತು' ಮತ್ತು 'ಇಳಿ'ಯ ನಡುವೆ ಒಂದು ಗೀಟು. 'ಇಳಿ'ಗೆ ಮಾತ್ರ ಇನ್ನೊಂದು ಅಕ್ಷರ ಸೇರಿಸಿ ಗೌರವ ಕೊಟ್ಟಳು.

ಬಾಗಿಲು ತೆರೆದೇ ಇತ್ತು. ಹೊಸಿಲಿನ ಆಚೆ ಯಾರೂ ಇರಲಿಲ್ಲ.

"ಮನೆ ಬಂತು ರೀ," ಎಂದಳು. "ಕೂತಿದ್ದು ಸಾಕು. ಇಳೀರಿ."

*

ಮಧ್ಯಾಹ್ನ ಆ ತುದಿಯ ಬಸ್ಸು ಹತ್ತಿ ಮರದ ಡಿಪೋಗೆ ಹೋದಳು. ಬಡಗಿ ಬೆಂಚಿನ ಮೇಲೆ ಕೂತು ಊಟ ಮಾಡುತ್ತಿದ್ದವಳು ಎಡಗೈಯಲ್ಲೇ ಹೊಟ್ಟು ಸರಿಸಿ ಜಾಗ ಮಾಡಿದಳು.

ಅವಳು ಟವೆಲ್ ಬಿಚ್ಚಿದಳು.

"ತಗೋ. ಒಂದೇ ದಿನಕ್ಕೆ ಅಂತ ತಂದಿದ್ದು, ಎಂಟು ದಿನ ಆಯ್ತು. ಅವರಿಗೆ ಬಯ್ಯೋದಿದ್ರೆ ನನಗೇ ಬಯ್ದುಬಿಡು."

"ನೀವೇ ಇಟ್ಕೊಳ್ಳಿ ಅಕ್ಕಾ. ಮುಂದಿನ ರೂಮಿಗೆ ಬೇಕಾಗುತ್ತೆ."

"ಬೇಡ. ಲೋಟದಲ್ಲಿ ನೀರಿದೆ."

ಬಡಗಿ ತುತ್ತು ನುಂಗಿ ತಲೆದೂಗಿದಳು.

"ಒಂದು ಮಾತು," ಎಂದಳು ಅವಳು. "ಇನ್ನು ಮೇಲೆ ಯಾವ ಗಂಡಸಿಗಾದ್ರೂ ಸಾಮಾನು ಕೊಟ್ರೆ, ಹೆಂಡತಿಗೆ ಹೇಳಿಯೇ ಕೊಡು."

"ಆಗಲಿ ಅಕ್ಕಾ."

ಈ ಸಲ ಅಕ್ಕಾ ಅಂದದ್ದಕ್ಕೆ ಅವಳು ಏನೂ ಅನ್ನಲಿಲ್ಲ. ರಸಮಟ್ಟವನ್ನು ಬೆಂಚಿನ ಮೇಲಿಟ್ಟಳು. ಗುಳ್ಳೆ ನಡುವೆ ನಿಲ್ಲಲಿಲ್ಲ. ಮೆಲ್ಲಗೆ ಜಾರಿ ಒಂದು ಪಕ್ಕಕ್ಕೆ ಹೋಯಿತು.

ಇಬ್ಬರೂ ಬಗ್ಗಿ ನೋಡಿದರು.

"ಅಲ್ಲ ಕಣೇ, ನಿನ್ನ ಬೆಂಚೇ ಸೊಟ್ಟಗಿದೆ."

"ಗೊತ್ತಕ್ಕಾ," ಎಂದಳು ಬಡಗಿ. "ಅವರೂ ದಿನಾ ಅದನ್ನೇ ಹೇಳ್ತಿದ್ರು."